ಕಪ್ಪತಗುಡ್ಡ: ಗುಡ್ಡದ ಕೆಳಗಿನ ಊರವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಪ್ಪತಗುಡ್ಡ ಅಂದ್ರ ಎಲ್ಲಿಂದ ಎಲ್ಲಿತನಕ?

ಗದಗದ ಹತ್ತಿರ ಬಿಂಕದಕಟ್ಟಿಯ ಕಡೆ ಶುರುವಾಗಿ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನ ಕಡೆಗೆ ಇಳಿಯುವ ಗುಡ್ಡಸಾಲು ಇದು. ಉದ್ದ 60 ಕಿ.ಮೀ.ಗಿಂತ ಹೆಚ್ಚು. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹರಡಿದೆ. ಕಪ್ಪತ ಮಲ್ಲೇಶ್ವರ ಗುಡಿ ಇರುವ ಎತ್ತರವಷ್ಟೇ ಕಪ್ಪತಗುಡ್ಡ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಸಾಲಿನ ಒಂದು ತುಣುಕು ಮಾತ್ರ. ಕಡಕೋಳದ ಕಡೆಯವರು ನೋಡುವ ಗುಡ್ಡವೂ ಡೋಣಿಯವರು ನೋಡುವ ಗುಡ್ಡವೂ ಒಂದೇ ಸಾಲಿನವು.

ಕಲ್ಲು ಧಾರವಾಡ ಶಿಲಾಸ್ತೋಮದ್ದು, 250 ಕೋಟಿ ವರ್ಷಕ್ಕಿಂತ ಹಳೆಯದು. ಕಬ್ಬಿಣದ ಪಟ್ಟೆ ಇರುವ ಕಲ್ಲು, ನಡುನಡುವೆ ಬೆಣಚುಕಲ್ಲಿನ ಎಳೆ. ಗುಡ್ಡದ ಮೇಲೆ ಗರಸು (ಹರಳು ಬೆರೆತ ಮಣ್ಣು), ಬುಡದಲ್ಲಿ ಮಸಾರಿ (ಕೆಂಪು ಮಣ್ಣು), ಇನ್ನಷ್ಟು ಕೆಳಗಿಳಿದರೆ ಎರೆ (ಕಪ್ಪು ಮಣ್ಣು). ಮುಂದಿನ ಹಲವು ಉತ್ತರಗಳು ಈ ಮೂರು ಮಣ್ಣಿನ ಮೇಲೇ ನಿಂತಿವೆ.

ಇದು ಈಗ ಅಭಯಾರಣ್ಯವೋ, ಸಂರಕ್ಷಿತ ಮೀಸಲು ಪ್ರದೇಶವೋ?

ಅಭಯಾರಣ್ಯ. ಗೊಂದಲ ಆಗುವುದು ಸಹಜ, ಏಕೆಂದರೆ ನಾಲ್ಕು ವರ್ಷದೊಳಗೆ ಸ್ಥಾನಮಾನ ನಾಲ್ಕು ಸಲ ಬದಲಾಯಿತು. 2015ರ ಡಿಸೆಂಬರ್‌ನಲ್ಲಿ 17,872 ಹೆಕ್ಟೇರನ್ನು ಸಂರಕ್ಷಿತ ಮೀಸಲು ಪ್ರದೇಶ ಎಂದು ಸರ್ಕಾರ ಘೋಷಿಸಿತು. 2016ರ ನವೆಂಬರ್‌ನಲ್ಲಿ ಆ ಆದೇಶ ವಾಪಸಾಯಿತು. 2017ರ ಫೆಬ್ರವರಿಯಲ್ಲಿ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಅವರ ಮುಂದಾಳತ್ವದಲ್ಲಿ ಗದಗಿನಲ್ಲಿ ಮೂರು ದಿನ ಧರಣಿ ನಡೆಯಿತು. ಏಪ್ರಿಲ್‌ನಲ್ಲಿ ಹಳೆಯ ಸ್ಥಾನಮಾನ ಮರಳಿತು. 2019ರ ಮೇ ತಿಂಗಳಲ್ಲಿ 244.15 ಚದರ ಕಿ.ಮೀ. ವನ್ಯಜೀವಿ ಧಾಮ, ಅಂದರೆ ಅಭಯಾರಣ್ಯ, ಆಯಿತು.

ವ್ಯತ್ಯಾಸ ಹೆಸರಿನದಷ್ಟೇ ಅಲ್ಲ. ಸಂರಕ್ಷಿತ ಮೀಸಲು 1972ರ ವನ್ಯಜೀವಿ ಕಾಯ್ದೆಯ 36ಎ ಕಲಮಿನ ಕೆಳಗೆ ಬರುತ್ತದೆ. ಅಭಯಾರಣ್ಯದ ಗಡಿಯನ್ನು ಬದಲಿಸಬೇಕಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕು. ಒಂದು ಆದೇಶದಲ್ಲಿ ಕೊಟ್ಟು ಇನ್ನೊಂದು ಆದೇಶದಲ್ಲಿ ಕಿತ್ತುಕೊಳ್ಳುವುದು ಮೊದಲಿನಷ್ಟು ಸುಲಭವಲ್ಲ.

ನಮ್ಮ ಬಾಂವಿಗೂ ಗುಡ್ಡದ ಕಾಡಿಗೂ ಏನ್ ಸಂಬಂಧರೀ? ನಮ್ಮೂರು ಗುಡ್ಡದಿಂದ ನಾಕ್ ಮೈಲಿ ದೂರ ಐತಿ.

ಕಾಡಿನ ಬೆಲೆ ಕೇಳಿದವರಿಗೆ ನಾವು ಹುಲಿ-ಚಿರತೆಯ ಮಾತು ಮೊದಲು ಎತ್ತುವುದಿಲ್ಲ. ಈ ಪ್ರಶ್ನೆಯಿಂದಲೇ ಶುರು ಮಾಡುತ್ತೇವೆ.

ಲೆಕ್ಕ ಹೀಗಿದೆ. ಒಂದು ಹೆಕ್ಟೇರಿನ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ನೀರು. 5,000 ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ ಆದರೆ ಇಪ್ಪತ್ತು. ಇಡೀ ಅಭಯಾರಣ್ಯದ ಮೇಲೆ ಅಷ್ಟೇ ಮಳೆ ಆದರೆ 244 ಕೋಟಿ ಲೀಟರ್. ಗದಗ ಸೀಮೆಗೆ ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸು, ಅದೂ ಕೆಲವೇ ದೊಡ್ಡ ಮಳೆಗಳಲ್ಲಿ. ಮುಂಗಾರಿನ ಅಡ್ಡಮಳೆ ಒಂದೇ ತಾಸಿನಲ್ಲಿ 30–40 ಮಿ.ಮೀ. ಹೊಡೆದು ಹೋಗುತ್ತದೆ. ಆ ನೀರು ಇಳಿಜಾರಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದರ ಮೇಲೆ ನಿಮ್ಮ ಬಾಂವಿಯ ಭವಿಷ್ಯ ಇದೆ.

ಹುಲ್ಲು, ಬಂದರಿಕೆ, ಕಾರೆ, ಕವಳಿ ಕಂಟಿ ಇರುವ ಇಳಿಜಾರಿನಲ್ಲಿ ಹನಿ ನೇರ ಮಣ್ಣಿಗೆ ಬಡಿಯುವುದಿಲ್ಲ. ಬೇರಿನ ಸುತ್ತ ಮಣ್ಣು ಸಡಿಲ ಇರುತ್ತದೆ, ನೀರು ಅಲ್ಲಲ್ಲಿ ತಡೆದು ಕಲ್ಲಿನ ಬಿರುಕಿಗೆ ಇಳಿಯುತ್ತದೆ. ಇಲ್ಲಿಯ ಕಲ್ಲಿನ ಪದರಗಳು ಬಹಳ ಕಡೆ ನೆಟ್ಟಗೆ ನಿಂತಿವೆ, ಹಾಗಾಗಿ ಬಿರುಕು ನೀರಿಗೆ ಒಳ್ಳೆಯ ದಾರಿ. ಅದು ಬುಡದ ಮಸಾರಿಯಲ್ಲಿ ಒರತಿಯಾಗಿ ಹೊರಬರುತ್ತದೆ ಅಥವಾ ಬೋರಿಗೆ ಸೇರುತ್ತದೆ. ಬೋಳು ಇಳಿಜಾರಿನಲ್ಲಿ ಅದೇ ಮಳೆ ಅರ್ಧ ತಾಸಿನಲ್ಲಿ ಹಳ್ಳಕ್ಕೆ ಬಂದು ಗರಸನ್ನು ಹೊತ್ತುಕೊಂಡು ಕೆರೆಗೆ ಸುರಿಯುತ್ತದೆ. ಹಳ್ಳ ತುಂಬಿ ಹರಿದದ್ದನ್ನು ಕಂಡು ಖುಷಿಪಡುವವರಿದ್ದಾರೆ. ಮಳೆ ನಿಂತ ಎರಡನೇ ದಿನಕ್ಕೇ ಹಳ್ಳ ಒಣಗಿದರೆ ಅದು ಖುಷಿಯ ಸುದ್ದಿಯಲ್ಲ. ಸಣ್ಣಗೆ, ಸ್ವಚ್ಛವಾಗಿ, ಬಹಳ ದಿನ ಹರಿಯುವ ಹಳ್ಳವೇ ಮೇಲಿನ ಕಾಡು ಗಟ್ಟಿ ಇರುವುದರ ಗುರುತು.

ಎರೆ ಹೊಲದ ಮಟ್ಟಿಗೆ ಒಂದು ಮಾತು. ಎರೆ ತಾನೇ ನೀರು ಹಿಡಿಯುವ ಮಣ್ಣು, ಆದರೆ ಕೆಳಗೆ ಬಿಟ್ಟುಕೊಡುವುದು ಕಡಿಮೆ. ಅಂತರ್ಜಲ ತುಂಬುವುದು ಹೆಚ್ಚಾಗಿ ಗುಡ್ಡದ ಬುಡದ ಮಸಾರಿ ಪಟ್ಟಿಯಲ್ಲಿ. ಕೃಷಿ ಹೊಂಡ, ಚೆಕ್ ಡ್ಯಾಮ್‌ಗೆ ಜಾಗ ಹುಡುಕುವವರು ಇದನ್ನು ನೆನಪಿಡಬೇಕು.

ಕೆರೆ ಹೂಳು ತಗೀತಾರಲ್ಲ, ಮತ್ತ ಕಾಡು ಯಾಕ ಬೇಕು?

ಡಂಬಳದ ದೊಡ್ಡ ಕೆರೆಯಾಗಲಿ ಊರ ಸಣ್ಣ ಕೆರೆಯಾಗಲಿ, ಒಂದು ಹೆಕ್ಟೇರ್ ತಳದಲ್ಲಿ ಒಂದೇ ಒಂದು ಸೆಂ.ಮೀ. ಹೂಳು ಕೂತರೆ 100 ಘನ ಮೀಟರ್. ಟ್ರೇಲರಿಗೆ 3 ಘನ ಮೀಟರ್ ಎಂದು ಹಿಡಿದರೆ 33 ಟ್ರಿಪ್ಪು. ಬಾಡಿಗೆ ಎಷ್ಟು ಎಂದು ನೀವೇ ಲೆಕ್ಕ ಹಾಕಿ. ಹಳೆಯ ಹೂಳು ಎರೆಯಂಥದ್ದಾದರೆ ಮಸಾರಿ ಹೊಲಕ್ಕೆ ಹಾಕಬಹುದು, ಲಾಭ ಇದೆ. ಬೋಳು ಗುಡ್ಡದಿಂದ ಬಂದದ್ದು ಗರಸು ಮತ್ತು ಹರಳು, ಯಾವ ಹೊಲಕ್ಕೂ ಬೇಡವಾದದ್ದು.

ದನ, ಕುರಿ ಮೇಯಿಸಾಕ ಬಿಡ್ತಾರೋ ಇಲ್ಲೋ?

ಅಭಯಾರಣ್ಯ ಎಂದ ಕೂಡಲೇ ಮೇವು ಪೂರ್ತಿ ಬಂದ್ ಎನ್ನುವ ಮಾತು ಸರಿಯಲ್ಲ. ಅದು ರಾಷ್ಟ್ರೀಯ ಉದ್ಯಾನಕ್ಕೆ ಅನ್ವಯಿಸುವ ನಿಯಮ. ಅಭಯಾರಣ್ಯದಲ್ಲಿ ಮೇಯಿಸುವುದನ್ನು ಮುಖ್ಯ ವನ್ಯಜೀವಿ ಪರಿಪಾಲಕರು 33ನೇ ಕಲಮಿನ ಕೆಳಗೆ ನಿಯಂತ್ರಿಸಬಹುದು, ಕೆಲವು ಭಾಗದಲ್ಲಿ ನಿಷೇಧಿಸಬಹುದು, ಕೆಲವು ಭಾಗದಲ್ಲಿ ಅನುಮತಿಸಬಹುದು. ಯಾವ ಬ್ಲಾಕ್ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಮಳೆಗಾಲಕ್ಕೆ ಮೊದಲೇ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿಕೊಳ್ಳಿ. ಸಾಧ್ಯವಾದರೆ ಪಂಚಾಯಿತಿಯ ಮೂಲಕ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ಅನುಮತಿ ಗಾರ್ಡ್ ಬದಲಾದ ದಿನವೇ ಮುಗಿದುಹೋಗುತ್ತದೆ.

ಕುರಿಗಾರರ ಕಷ್ಟ ನಿಜವಾದದ್ದು. ಮುಂಗಾರಿಯಲ್ಲಿ ಹೊಲಗಳಲ್ಲಿ ಬೆಳೆ ನಿಂತಿರುತ್ತದೆ, ಹಿಂಡಿಗೆ ಗುಡ್ಡ ಬಿಟ್ಟರೆ ಬೇರೆ ದಾರಿ ಇಲ್ಲ. ಸುಗ್ಗಿ ಮುಗಿದ ಮೇಲೆ ರೈತರೇ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬಲು ಕರೆಯುತ್ತಾರೆ. ಅಂದರೆ ಒತ್ತಡ ಇರುವುದು ಜೂನ್‌ನಿಂದ ಅಕ್ಟೋಬರ್‌ವರೆಗೆ. ಹುಲ್ಲು ಚಿಗುರುವುದೂ ಆಗಲೇ. ಮೊದಲ ಮಳೆಯಾಗಿ ಹುಲ್ಲು ಗೇಣುದ್ದ ಬರುವ ಮೊದಲೇ ಹಿಂಡು ಬಿಟ್ಟರೆ ಬೇರು ಸೋಲುತ್ತದೆ, ಮರುವರ್ಷ ಆ ಜಾಗದಲ್ಲಿ ಕುರಿ ಮುಟ್ಟದ ಕಂಟಿಯಷ್ಟೇ ಉಳಿಯುತ್ತದೆ. ಇಳಿಜಾರನ್ನು ಮೂರು ಪಾಲು ಮಾಡಿ ವರ್ಷಕ್ಕೊಂದಕ್ಕೆ ವಿಶ್ರಾಂತಿ ಕೊಟ್ಟರೆ ಮೇವು ಹೆಚ್ಚಾಗುತ್ತದೆ. ಆದರೆ ಒಂದೂರಿನವರು ಬಿಟ್ಟ ಪಾಲಿಗೆ ಪಕ್ಕದೂರಿನ ಹಿಂಡು ನುಗ್ಗಿದರೆ ಒಪ್ಪಂದ ಅಲ್ಲಿಗೇ ಮುರಿಯುತ್ತದೆ. ಎರಡೂ ಊರಿನ ಹಿರಿಯರು ಕೂತು ಮಾತಾಡದೆ ಇದು ನಡೆಯುವ ಕೆಲಸವಲ್ಲ.

ಅಭಯಾರಣ್ಯದಿಂದ 5 ಕಿ.ಮೀ. ಒಳಗಿನ ದನಕರುಗಳಿಗೆ ಸಾಂಕ್ರಾಮಿಕ ರೋಗದ ಲಸಿಕೆ ಹಾಕಿಸುವುದು ಕಾಯ್ದೆಯಲ್ಲೇ ಇದೆ. ಪಶು ಆಸ್ಪತ್ರೆಯವರು ಬಂದಾಗ ತಪ್ಪಿಸಬೇಡಿ.

ಕಟಿಗಿ, ಸೀತಾಫಲ, ಕವಳಿಹಣ್ಣು, ನೆಲ್ಲಿಕಾಯಿ ತರಬಹುದಾ?

ವನ್ಯಜೀವಿ ಕಾಯ್ದೆಯ 29ನೇ ಕಲಮಿನ ಪ್ರಕಾರ ಅಭಯಾರಣ್ಯದಿಂದ ತೆಗೆದ ಅರಣ್ಯ ಉತ್ಪನ್ನವನ್ನು ಸುತ್ತಲಿನ ಜನರ ಸ್ವಂತ ಮನೆಬಳಕೆಗೆ ಉಪಯೋಗಿಸಬಹುದು, ವ್ಯಾಪಾರಕ್ಕೆ ಅಲ್ಲ. ಇತ್ತ 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಿ ಮಾರುವ ಹಕ್ಕನ್ನು ಹಕ್ಕುದಾರರಿಗೆ ಕೊಡುತ್ತದೆ, ಅಭಯಾರಣ್ಯಕ್ಕೂ ಅದು ಅನ್ವಯ. ಹಾಗಾದರೆ ಪುಟ್ಟಿ ಹೊತ್ತು ಸೀತಾಫಲ ಮಾರುವ ಹೆಣ್ಣುಮಗಳು ತಪ್ಪಿತಸ್ಥೆಯೋ ಹಕ್ಕುದಾರಳೋ? ಸಮುದಾಯ ಹಕ್ಕಿನ ಅರ್ಜಿ ಗ್ರಾಮಸಭೆಯ ಮೂಲಕ ಹೋಗಿ ಜಿಲ್ಲಾ ಸಮಿತಿಯಲ್ಲಿ ಮಂಜೂರಾಗಿ ಕೈಯಲ್ಲಿ ಪತ್ರ ಇದ್ದರೆ ಹಕ್ಕುದಾರಳು. ಇಲ್ಲದಿದ್ದರೆ ದಿನವೂ ಗಾರ್ಡ್ ಮುಂದೆ ಕೈಮುಗಿಯಬೇಕು. ಊರಿನವರು ವ್ಯಕ್ತಿಗತ ಹಕ್ಕಿನ ಹಿಂದೆಯೇ ಓಡಿ ಸಮುದಾಯ ಹಕ್ಕಿನ ಅರ್ಜಿಯನ್ನು ಮರೆತುಬಿಡುವುದು ದೊಡ್ಡ ತಪ್ಪು ಎಂಬುದು ನಮ್ಮ ಅಭಿಪ್ರಾಯ.

ಹಸಿ ಮರ ಕಡಿಯುವುದಕ್ಕೆ, ಶ್ರೀಗಂಧ ಮುಟ್ಟುವುದಕ್ಕೆ, ಬೇಟೆಗೆ ಯಾವ ದಾರಿಯೂ ಇಲ್ಲ. ಅಭಯಾರಣ್ಯದೊಳಗಿನ ಬೇಟೆಗೆ ಕನಿಷ್ಠ ಮೂರು ವರ್ಷ ಜೈಲು, ಏಳು ವರ್ಷದವರೆಗೂ ಹೋಗಬಹುದು. ಮೊಲಕ್ಕೆ ಉರುಲು ಹಾಕಿದ್ದೂ ಬೇಟೆಯೇ.

ಅರಣ್ಯ ಹಕ್ಕಿಗೆ ತಾಂಡಾದವರು ಅರ್ಜಿ ಹಾಕಬಹುದಾ?

ಹಾಕಬಹುದು, ಆದರೆ ಎಲ್ಲಿ ಜಾರಿಬೀಳುತ್ತಾರೆ ಎಂಬುದನ್ನು ಮೊದಲೇ ತಿಳಿದಿರಬೇಕು. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಅಲ್ಲ. ಹಾಗಾಗಿ ಅವರು ‘ಇತರ ಪಾರಂಪರಿಕ ಅರಣ್ಯವಾಸಿ’ ಪಟ್ಟಿಯಲ್ಲಿ ಬರುತ್ತಾರೆ. 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದರು ಎಂಬುದಕ್ಕೆ ಆಧಾರ ಬೇಕು. ಲೆಕ್ಕ ಹಾಕಿದರೆ 1930.

ಅಷ್ಟು ಹಳೆಯ ಕಾಗದ ಯಾರ ಮನೆಯಲ್ಲೂ ಇರುವುದಿಲ್ಲ. ಅದಕ್ಕೇ ನಿಯಮ ಕಾಗದವೊಂದನ್ನೇ ಕೇಳುವುದಿಲ್ಲ. ಹಿರಿಯರ ಹೇಳಿಕೆ ಬರೆದು ಸಲ್ಲಿಸಬಹುದು. ಹಳೆಯ ಬಾಂವಿ, ಗೋರಿ, ದೇವರ ಕಟ್ಟೆ, ಮನೆಯ ಪಾಯ ಇವೆಲ್ಲ ಆಧಾರವೇ. ಒಂದಕ್ಕಿಂತ ಹೆಚ್ಚು ಬಗೆಯ ಆಧಾರ ಇರಲಿ. ವ್ಯಕ್ತಿಗತ ಹಕ್ಕಿಗೆ ನಮೂನೆ ಎ, ಸಮುದಾಯ ಹಕ್ಕಿಗೆ ಬಿ, ಇಡೀ ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ಸಿ. ಭೂಮಿ ಎಷ್ಟೇ ಇದ್ದರೂ ವ್ಯಕ್ತಿಗತ ಹಕ್ಕು 4 ಹೆಕ್ಟೇರ್ ಮೀರುವುದಿಲ್ಲ.

ಅರ್ಜಿ ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗುತ್ತದೆ. ಗ್ರಾಮಸಭೆಯಲ್ಲಿ ಅರ್ಧದಷ್ಟು ಸದಸ್ಯರು, ಹಾಜರಿದ್ದವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು ಇರಲೇಬೇಕು. ಹಾಜರಿ ಪುಸ್ತಕಕ್ಕೆ ಮನೆಮನೆಗೆ ಹೋಗಿ ಆಮೇಲೆ ಸಹಿ ಹಾಕಿಸಿದರೆ ಮೇಲಿನ ಹಂತದಲ್ಲಿ ಸಿಕ್ಕಿಬೀಳುತ್ತದೆ. ತಿರಸ್ಕಾರ ಆದರೆ ಆದೇಶದ ಪ್ರತಿ ಕೇಳಿ ತೆಗೆದುಕೊಂಡು 60 ದಿನದೊಳಗೆ ಮೇಲ್ಮನವಿ ಹಾಕಿ.

ಹಂದಿ, ಚಿಗರಿ ಬೆಳಿ ತಿಂದ್ರ ಪರಿಹಾರ ಹ್ಯಾಂಗ ಪಡಿಯೂದು?

ಬೆಳಗ್ಗೆ ನೋಡಿದ ಕೂಡಲೇ ಮೊಬೈಲಿನಲ್ಲಿ ಫೋಟೊ ತೆಗೆಯಿರಿ: ಇಡೀ ಹೊಲ ಒಂದು, ಹಾಳಾದ ಸಾಲು ಹತ್ತಿರದಿಂದ ಒಂದು, ಹೆಜ್ಜೆಗುರುತು ಒಂದು. ಲೊಕೇಶನ್ ಆನ್ ಇರಲಿ. ಅರಣ್ಯ ಇಲಾಖೆಯ ವಲಯ ಕಚೇರಿಗೆ ಅರ್ಜಿ, ಜೊತೆಗೆ ಉತಾರ (ಪಹಣಿ), ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ. ಅವರು ‘ಇ-ಪರಿಹಾರ’ ತಂತ್ರಾಂಶದಲ್ಲಿ ದಾಖಲಿಸಿ ಸ್ಥಳ ಪಂಚನಾಮೆ ಮಾಡುತ್ತಾರೆ. ಅರಣ್ಯ ಸಹಾಯವಾಣಿ 1926.

ಹಣ ಬರದೆ ನಿಲ್ಲುವುದು ಬಹುತೇಕ ಮೂರೇ ಕಾರಣಕ್ಕೆ. ಉತಾರ ಇನ್ನೂ ಅಜ್ಜನ ಹೆಸರಿನಲ್ಲಿರುತ್ತದೆ, ವಾರಸಾ ಆಗಿರುವುದಿಲ್ಲ. ಹೊಲ ಲಾವಣಿ (ಗೇಣಿ) ಹಾಕಿಕೊಂಡವರ ಕೈಯಲ್ಲಿ ಮಾಲೀಕರ ಒಪ್ಪಿಗೆ ಪತ್ರ ಇರುವುದಿಲ್ಲ. ಇಲ್ಲವೇ ಪಂಚನಾಮೆಗೆ ಮೊದಲೇ ಹೊಲ ಹರಗಿಬಿಟ್ಟಿರುತ್ತಾರೆ. ಕೊನೆಯದು ಪೂರ್ತಿ ನಮ್ಮದೇ ತಪ್ಪು. ಹೆಸರು ಬೆಳೆ ಹಾಳಾದ ಸಿಟ್ಟಿನಲ್ಲಿ ಕುಂಟಿ ಹೊಡೆದರೆ ತೋರಿಸಲು ಏನೂ ಉಳಿಯುವುದಿಲ್ಲ.

ಬೇಲಿಗೆ ಕರೆಂಟ್ ಲೈನಿನಿಂದ ನೇರ ತಂತಿ ಎಳೆಯಬೇಡಿ. ಅದಕ್ಕೆ ಬಲಿಯಾಗುವುದು ಹಂದಿಗಿಂತ ಹೆಚ್ಚಾಗಿ ನೀರು ಹಾಯಿಸಲು ರಾತ್ರಿ ಹೋದವರು. ಸೋಲಾರ್ ಬೇಲಿ ಬೇರೆ, ಅದು ಕ್ಷಣಮಾತ್ರದ ಮಿಡಿತ ಕೊಡುತ್ತದೆ, ಕೊಲ್ಲುವುದಿಲ್ಲ. ಆದರೆ ಬೇಲಿಯ ಕೆಳಗಿನ ಹುಲ್ಲು ಹದಿನೈದು ದಿನಕ್ಕೊಮ್ಮೆ ಕೊಯ್ಯದಿದ್ದರೆ ಹುಲ್ಲು ತಂತಿಗೆ ತಾಗಿ ಕರೆಂಟು ಭೂಮಿಗೆ ಇಳಿಯುತ್ತದೆ. ‘ಸೋಲಾರ್ ಕೆಲಸಾ ಮಾಡಂಗಿಲ್ಲ’ ಎನ್ನುವ ದೂರಿನ ಬುಡ ಹೆಚ್ಚಿನ ಸಲ ಅದೇ.

ಕುರಿ ಸತ್ತೈತಿ. ತೋಳನೋ ಚಿರತೆಯೋ ಹ್ಯಾಂಗ ಗೊತ್ತಾಗ್ತೈತಿ?

ಹೆಜ್ಜೆಯಲ್ಲಿ ಉಗುರಿನ ಚುಕ್ಕೆ ಕಂಡರೆ ತೋಳ, ನಾಯಿ ಅಥವಾ ಕತ್ತೆಕಿರುಬ. ಉಗುರು ಕಾಣದ ದುಂಡು ಹೆಜ್ಜೆ ಚಿರತೆಯದು. ಗಂಟಲಲ್ಲಿ ಒಂದೇ ಗಟ್ಟಿ ಕಡಿತ, ಎಳೆದೊಯ್ದ ಗುರುತು ಇದ್ದರೆ ಚಿರತೆಯ ಸಾಧ್ಯತೆ ಹೆಚ್ಚು. ಕುರಿದಡ್ಡಿಗೆ ನುಗ್ಗಿ ಹಲವು ಕುರಿಗಳಿಗೆ ಮನಬಂದಂತೆ ಕಚ್ಚಿ ಬಿಟ್ಟಿದ್ದರೆ ಬೀದಿನಾಯಿಯನ್ನು ಮೊದಲು ಅನುಮಾನಿಸಿ. ತೋಳದ ಲೆಕ್ಕಕ್ಕೆ ಬಿದ್ದ ಎಷ್ಟೋ ಕುರಿಗಳು ನಾಯಿಯ ಬಾಯಿಗೆ ಹೋದವು.

ಸತ್ತ ಕುರಿಯನ್ನು ಕದಲಿಸಬೇಡಿ, ಪಶುವೈದ್ಯರ ಪರೀಕ್ಷೆ ಆಗಲಿ. ಅದಕ್ಕೆ ವಿಷ ಸವರಿ ಇಡುವುದಂತೂ ಬೇಡವೇ ಬೇಡ. ತಿನ್ನಲು ಬರುವುದು ಕೊಂದ ಪ್ರಾಣಿಯೇ ಎಂಬ ಖಾತ್ರಿ ಇಲ್ಲ. ಕತ್ತೆಕಿರುಬ, ನರಿ, ಹದ್ದು, ಕೊನೆಗೆ ನಿಮ್ಮದೇ ಕಾವಲುನಾಯಿ ಸಾಯುತ್ತದೆ.

ಬ್ಯಾಸಿಗಿಗೆ ಬೆಂಕಿ ಹಚ್ಚಿದ್ರ ಹೊಸ ಹುಲ್ಲು ಚಲೋ ಬರ್ತೈತಿ ಅಂತಾರ. ಖರೇನಾ?

ಅರ್ಧ ಖರೆ. ಬೂದಿಯ ಮೇಲೆ ಮೊದಲ ಚಿಗುರು ಹಸಿರಾಗಿ ಬೇಗ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಕಾಣದ ಅರ್ಧ ಬೇರೆ. ಮಾರ್ಚ್‌ನಲ್ಲಿ ಸುಟ್ಟ ಇಳಿಜಾರು ರೋಹಿಣಿ ಮಳೆಯವರೆಗೆ ಬತ್ತಲೆ ನಿಂತಿರುತ್ತದೆ. ಆ ಮಳೆಯ ಹೊಡೆತಕ್ಕೆ ಬೂದಿಯೂ ಮೇಲ್ಮಣ್ಣೂ ಒಟ್ಟಿಗೇ ಹಳ್ಳಕ್ಕೆ ಇಳಿಯುತ್ತವೆ. ಗರಸಿನ ಮೇಲೆ ಮಣ್ಣು ಇರುವುದೇ ಗೇಣು, ಎರಡು ಗೇಣು. ನಾಲ್ಕಾರು ವರ್ಷ ಸತತ ಸುಟ್ಟ ಜಾಗದಲ್ಲಿ ನೆಲ್ಲಿ, ದಿಂಡಿಲು, ಕಮರದ ಸಸಿ ಒಂದೂ ಮೇಲೇಳುವುದಿಲ್ಲ. ಬೆಂಕಿಗೆ ಜಗ್ಗದ ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ. ಮೇವಿಗೆಂದು ಹಚ್ಚಿದ ಬೆಂಕಿ ಕೊನೆಗೆ ಮೇವನ್ನೇ ತಿನ್ನುತ್ತದೆ. ಅಭಯಾರಣ್ಯಕ್ಕೆ ಬೆಂಕಿ ಹಚ್ಚುವುದು 30ನೇ ಕಲಮಿನಲ್ಲಿ ಅಪರಾಧವೂ ಹೌದು.

ನಿಮ್ಮ ಹೊಲ ಗುಡ್ಡಕ್ಕೆ ಹತ್ತಿದ್ದರೆ ಬದುವಿನ ಕಸ ಸುಡುವುದು ಬೇಡ, ಕೊಯ್ದು ತಿಪ್ಪೆಗೆ ಹಾಕಿ. ಬೆಂಕಿ ಕಂಡರೆ ಮೇಲಿನಿಂದ ಆರಿಸಲು ಹೋಗಬೇಡಿ. ಬೆಂಕಿ ಏರಿನಲ್ಲಿ ಓಡುತ್ತದೆ, ಮಧ್ಯಾಹ್ನದ ಗಾಳಿಗೆ ಇನ್ನೂ ಜೋರು. ಎರಡು ಪಕ್ಕದಿಂದ ಹಸಿ ಟೊಂಗೆಯಲ್ಲಿ ಬಡಿಯುತ್ತ ಒಳಕ್ಕೆ ಒತ್ತಬೇಕು. ಸೆಗಣಿ, ಒಣ ದಿಮ್ಮಿ ಒಳಗೇ ಹೊಗೆಯಾಡುತ್ತವೆ, ಆರಿತು ಎಂದು ಬಿಟ್ಟುಬಂದರೆ ರಾತ್ರಿ ಮತ್ತೆ ಏಳುತ್ತದೆ.

ಬೀಜದುಂಡಿ ಎಸದ್ವಿ, ಒಂದೂ ಹುಟ್ಟಲಿಲ್ಲ. ಯಾಕ?

ಹುಲ್ಲಿನ ಮೇಲೆ ಬಿದ್ದ ಉಂಡೆ ಮಣ್ಣು ಮುಟ್ಟುವುದೇ ಇಲ್ಲ. ಮುಟ್ಟಿದ್ದನ್ನು ಇರುವೆ ಒಯ್ಯುತ್ತದೆ. ಮೊದಲ ಮಳೆಗೆ ಮೊಳೆತದ್ದು ಆಮೇಲಿನ ಹದಿನೈದು ದಿನದ ಒಣಹವೆಗೆ ಸಾಯುತ್ತದೆ. ಫೋಟೊಗೆ ಚಂದ, ಅಷ್ಟೇ. ಸಲಿಕೆಯ ಮೊನೆಯಿಂದ ಬೆರಳುದ್ದ ಗುಣಿ ಮಾಡಿ ಕಂಟಿಯ ನೆರಳಲ್ಲಿ ಬೀಜ ಊರಿದರೆ ಫಲ ಹೆಚ್ಚು, ಕಂಟಿಯ ಮುಳ್ಳೇ ಕುರಿಗೆ ಬೇಲಿ. ಸಸಿ ನೆಡುವುದಾದರೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿಯನ್ನು ಬೇಸಿಗೆಯಲ್ಲೇ ತೆಗೆದಿಡಿ. ಇಳಿಜಾರಿನ ಕೆಳಪಕ್ಕಕ್ಕೆ ಅರ್ಧಚಂದ್ರದ ಒಡ್ಡು ಕಟ್ಟಿ. ಎರಡು ಹದ ಮಳೆ ಆದ ಮೇಲೆ ನೆಡಿ. ಇದೆಲ್ಲಕ್ಕೂ ಇಲಾಖೆಯ ಒಪ್ಪಿಗೆ ಬೇಕು.

ಹುಲ್ಲುಗಾವಲನ್ನು ‘ಖಾಲಿ ಜಾಗ’ ಎಂದು ಮರ ತುಂಬಬೇಡಿ. ಚಿಗರಿ, ತೋಳ, ಮೊಲಕ್ಕೆ ಬೇಕಾದ ಕಾಡೇ ಅದು.

ಮಧುನಾಶಿನಿ, ಅಮೃತಬಳ್ಳಿ ಕಿತ್ತುಕೊಂಡು ಹೋಗಬಹುದಾ?

ಮನೆಬಳಕೆಗೆ ಎಲೆ, ಕಾಂಡ ಕೊಯ್ಯುವುದು ಬೇರೆ, ಬುಡಸಮೇತ ಕೀಳುವುದು ಬೇರೆ. ಶತಾವರಿ, ಸೊಗದೆಯಂಥ ಬೇರಿನ ಔಷಧಿಗಳು ಗುಡ್ಡದಲ್ಲಿ ವಿರಳವಾಗುವುದು ಇದರಿಂದಲೇ. ಮಧುನಾಶಿನಿ, ಅಮೃತಬಳ್ಳಿ ಎರಡೂ ಹಿತ್ತಲಲ್ಲಿ ತುಂಡಿನಿಂದ ಬರುತ್ತವೆ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗುತ್ತ ಜೊತೆಗೆ ಮಧುನಾಶಿನಿ ತಿನ್ನುವವರು ವೈದ್ಯರಿಗೆ ಹೇಳಲೇಬೇಕು. ಎರಡೂ ಸೇರಿ ಸಕ್ಕರೆ ತೀರಾ ಇಳಿದು ತಲೆಸುತ್ತು ಬಂದು ಬೀಳುವುದುಂಟು.

ಗಣಿ ಬಂದ್ರ ಹುಡುಗರಿಗೆ ಕೆಲಸ ಸಿಗ್ತಿತ್ತಲ್ಲ?

ಪ್ರಾಮಾಣಿಕ ಪ್ರಶ್ನೆ, ಬೈದು ಮುಚ್ಚಿಸಬಾರದು. ಇಲ್ಲಿ ಬಂಗಾರ ಇರುವುದು ಸುಳ್ಳಲ್ಲ. 1900ರ ದಶಕದಲ್ಲಿ ಬ್ರಿಟಿಷ್ ಕಂಪನಿಗಳು ಕಬಲಾಯತಕಟ್ಟಿ, ಹೊಸೂರು, ಅತ್ತಿಕಟ್ಟಿ ಭಾಗದಲ್ಲಿ ಅಗೆದು, ಕೆಲವೇ ವರ್ಷದಲ್ಲಿ ಬಿಟ್ಟು ಹೋದವು.

ಟನ್ ಅದಿರಿನಲ್ಲಿ 3 ಗ್ರಾಂ ಬಂಗಾರ ಎಂದಿಟ್ಟುಕೊಳ್ಳಿ. ಒಂದು ತೊಲೆಗೆ, ಅಂದರೆ ಸುಮಾರು 11.7 ಗ್ರಾಮಿಗೆ, ನಾಲ್ಕು ಟನ್ ಕಲ್ಲು ಪುಡಿಯಾಗಬೇಕು. ಆ ಪುಡಿಯಿಂದ ಬಂಗಾರ ಬಿಡಿಸಲು ಸಯನೈಡ್ ಬೇಕು, ನೀರು ಬೇಕು. ಗದಗದ ಬಂಗಾರದ ಕಲ್ಲಿನಲ್ಲಿ ಆರ್ಸೆನಿಕ್ ಇರುವ ಖನಿಜವೂ ಬೆರೆತಿದೆ. ಗಣಿ ಮುಚ್ಚಿದ ಮೇಲೂ ಉಳಿಯುವ ಪುಡಿಯ ರಾಶಿಯಿಂದ ಮಳೆಗೆ ಏನು ತೊಳೆದು ಬರುತ್ತದೆ ಎಂಬುದು ಕೆಳಗಿನ ಬಾಂವಿಯವರ ಪ್ರಶ್ನೆ. ಕೆಲಸ ಗಣಿ ಇರುವಷ್ಟು ವರ್ಷ, ರಾಶಿ ಅದಕ್ಕಿಂತ ಬಹಳ ಕಾಲ.

ಕಬ್ಬಿಣದ ವಿಷಯದಲ್ಲಿ ಇದೇ ಭಾಗದ ಜನ ಒಮ್ಮೆ ನಿರ್ಧಾರ ಹೇಳಿದ್ದಾರೆ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಬಳಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೇಳಿದಾಗ ರೈತರು ಒಪ್ಪಲಿಲ್ಲ, ಯೋಜನೆ ಅಲ್ಲಿಗೇ ನಿಂತಿತು. ಈಗಿನ ಕಾನೂನು ಸ್ಥಿತಿ ಇಷ್ಟು: ಅಭಯಾರಣ್ಯದೊಳಗೆ ಮತ್ತು ಗಡಿಯಿಂದ 1 ಕಿ.ಮೀ.ವರೆಗೆ ಗಣಿಗಾರಿಕೆ ಕೂಡದು ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ.

ಪರಿಸರ ಸೂಕ್ಷ್ಮ ವಲಯ ಆದ್ರ ಮನಿ ಕಟ್ಟಾಕ, ಹೊಲಾ ಮಾಡಾಕ ಬಿಡಂಗಿಲ್ಲಂತ?

ಬಿಡುತ್ತಾರೆ. ಈ ವಲಯ ಅಂದರೆ ಅಭಯಾರಣ್ಯದ ಗಡಿಯ ಹೊರಗೆ ಸುತ್ತಲೂ ಗುರುತಿಸುವ ಪಟ್ಟಿ. ಅಲ್ಲಿ ಸ್ಥಳೀಯರ ಬೇಸಾಯ, ತೋಟ, ಸ್ವಂತ ಮನೆಯ ಕಟ್ಟೋಣಕ್ಕೆ ಅಡ್ಡಿ ಇಲ್ಲ. ನಿಲ್ಲುವುದು ಗಣಿ, ಕಲ್ಲು ಕ್ವಾರಿ, ಕ್ರಷರ್, ಮಾಲಿನ್ಯದ ಕಾರ್ಖಾನೆ, ಸಾ ಮಿಲ್. ಈ ವದಂತಿ ಯಾರ ಬಾಯಿಂದ ಶುರುವಾಗುತ್ತದೆ ಎಂದು ಒಮ್ಮೆ ಗಮನಿಸಿ ನೋಡಿ, ಸಾಮಾನ್ಯವಾಗಿ ಅವರು ಹೊಲ ಮಾಡುವವರಾಗಿರುವುದಿಲ್ಲ.

ಗದಗದ ಗಾಳಿ ಶುದ್ಧ ಇರೂದು ಕಪ್ಪತಗುಡ್ಡದಿಂದನಾ?

ಒಂದು ಪಾಲು ಮಾತ್ರ. ಎಲೆ ಧೂಳು ಹಿಡಿಯುತ್ತದೆ, ಹುಲ್ಲು ಮಣ್ಣು ಏಳದಂತೆ ತಡೆಯುತ್ತದೆ. ಜೋರು ಗಾಳಿ, ದೊಡ್ಡ ಕಾರ್ಖಾನೆಗಳಿಲ್ಲದಿರುವುದು ಕೂಡ ಕಾರಣ. ಗುಡ್ಡದ ತುಂಬ ಗಾಳಿಯಂತ್ರಗಳು ನಿಂತಿರುವುದೂ ಆ ಗಾಳಿಗಾಗಿಯೇ. ಅವುಗಳ ಕರೆಂಟು ಶುದ್ಧ, ಅವುಗಳಿಗೆಂದು ಇಳಿಜಾರು ಕಡಿದು ಮಾಡಿದ ರಸ್ತೆಗಳು ಮಾತ್ರ ಮಳೆಗಾಲದಲ್ಲಿ ಹಳ್ಳವಾಗಿ ಕೊರೆಯುತ್ತವೆ.

ಸೂರ್ಯಕಾಂತಿ ಕಾಳು ಜೊಳ್ಳಾಗೂದಕ್ಕೂ ಕಾಡಿಗೂ ಸಂಬಂಧ ಐತೇನು?

ಇದೆ. ಸೂರ್ಯಕಾಂತಿಗೆ ಜೇನುನೊಣ ಬೇಕು. ಬೆಳೆ ಇಲ್ಲದ ತಿಂಗಳುಗಳಲ್ಲಿ ನೊಣ ಬದುಕುವುದು ಕಂಟಿಕಾಡಿನ ಹೂವಿನ ಮೇಲೆ. ಹೂವು ಅರಳಿದ ವಾರಗಳಲ್ಲಿ ಬೆಳಗ್ಗೆ ಔಷಧಿ ಹೊಡೆಯಬೇಡಿ, ಅನಿವಾರ್ಯವಾದರೆ ಹೊತ್ತಿಳಿದ ಮೇಲೆ ಹೊಡೆಯಿರಿ.

ಶ್ರಾವಣ ಸೋಮವಾರ ಕಪ್ಪತ ಮಲ್ಲೇಶ್ವರಕ್ಕ ಹೋಗಬೇಕಂದ್ರ?

‘ಎಪ್ಪತ್ತು ಗಿರಿ ನೋಡೂದಕ್ಕಿಂತ ಕಪ್ಪತಗಿರಿ ನೋಡು’ ಎಂಬ ಮಾತು ನಂಬಿ ಬರುವವರಿಗೆ: ಗದಗದಿಂದ ಡಂಬಳ ಸುಮಾರು 20 ಕಿ.ಮೀ., ಅಲ್ಲಿಂದ ಡೋಣಿ, ಡೋಣಿಯಿಂದ ಗುಡ್ಡದ ರಸ್ತೆ. ಡಂಬಳದ ದೊಡ್ಡಬಸಪ್ಪ ಗುಡಿಯನ್ನು ದಾರಿಯಲ್ಲೇ ನೋಡಬಹುದು. ಮಂಜು ಇಳಿದಾಗ ತಿರುವುಗಳಲ್ಲಿ ಎದುರಿನ ಗಾಡಿ ಕಾಣುವುದಿಲ್ಲ, ಲೈಟ್ ಹಾಕಿ ನಿಧಾನ ಇಳಿಯಿರಿ. ತಲೆಗೆ ಎರಡು ಲೀಟರ್ ನೀರು ಮನೆಯಿಂದಲೇ ಬರಲಿ. ಬುತ್ತಿಯನ್ನು ಡಬ್ಬಿಯಲ್ಲಿ ತನ್ನಿ. ಪ್ಲಾಸ್ಟಿಕ್ ಹಾಳೆಯಲ್ಲಿ ಉಳಿದ ಮೊಸರನ್ನದ ವಾಸನೆಗೆ ದನವೂ ಮಂಗವೂ ಹಾಳೆಸಮೇತ ನುಂಗುತ್ತವೆ. ಮಂಗಕ್ಕೆ ಬಾಳೆಹಣ್ಣು ಹಂಚಿದರೆ ಅವು ರಸ್ತೆಗೆ ಇಳಿಯುವುದು ಕಲಿಯುತ್ತವೆ. ದೇವಸ್ಥಾನದ ದಾರಿ ಬಿಟ್ಟು ಒಳಗೆ ನಡೆಯುವುದಕ್ಕೆ, ಡ್ರೋನ್ ಹಾರಿಸುವುದಕ್ಕೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಸಣ್ಣ ಮಕ್ಕಳು ಪ್ರಾಣಿ ನೋಡಲೇಬೇಕೆಂದು ಹಟ ಹಿಡಿದರೆ ಬಿಂಕದಕಟ್ಟಿಯ ಮೃಗಾಲಯಕ್ಕೆ ಕರೆದೊಯ್ಯಿರಿ. ಗುಡ್ಡದಲ್ಲಿ ಹಗಲು ಹೊತ್ತಿನಲ್ಲಿ ಕಾಣುವುದು ನವಿಲು, ಮಂಗ, ಅದೃಷ್ಟ ಇದ್ದರೆ ಓಡುವ ಮೊಲದ ಬೆನ್ನು.